ಜನರೇಟರ್‌ನಿಂದ ಮನೆಗೆ ಯಾವ ವೈರ್ ಎಳೀಬೇಕು?

ನಾಪೋಕ್ಲು ತೋಟ:
ಕಕ್ಕಡದ (ಜುಲೈ-ಆಗಸ್ಟ್) ಮಳೇಲಿ ಮರ ಬಿದ್ದು ಲೈನ್ ಹೋದ್ರೆ ನಮ್ಮಲ್ಲಿ ನಾಲ್ಕೈದು ದಿನ ಕರೆಂಟೇ ಇರಲ್ಲ, ಅದಕ್ಕೆ ಈ ಸಲ 3 ಕೆವಿಎ ಪೆಟ್ರೋಲ್ ಜನರೇಟರ್ ತಗೊಂಡ್ವಿ. ಹೊಗೆ ಒಳಗೆ ಬರಬಾರದು ಅಂತ ಸೌದೆ ಕೊಟ್ಟಿಗೆ ಹತ್ರ ಇಟ್ಟಿದೀನಿ, ಮನೆಯಿಂದ 30 ಮೀಟರ್. ಮನೇಲಿದ್ದ ಸಣ್ಣ ಎರಡೆಳೆ ವೈರ್ ಎಳೆದಿದೀನಿ, ಮಧ್ಯ ಒಂದು ಜಾಯಿಂಟ್ ಇದೆ. ಲೈಟು ಫ್ರಿಜ್ಜು ಓಡತ್ತೆ, ಆದ್ರೆ 1 ಎಚ್‌ಪಿ ಬಾವಿ ಮೋಟರ್ ಹಾಕಿದ್ರೆ ಗುಂಯ್ ಅಂತ ನಿಲ್ಲತ್ತೆ, ವೈರ್ ಬಿಸಿಯಾಗತ್ತೆ. ಅಮ್ಮ ಅದೇ ದಾರೀಲಿ ಓಡಾಡೋದು, ಭಯ ಆಗ್ತಿದೆ. ಏನು ತರಲಿ?

ಸೋಮವಾರಪೇಟೆ ವೈರಿಂಗ್:
ಮೊದಲು ಆ ವೈರ್ ತೆಗೀರಿ, ಇವತ್ತೇ. 3 ಕೆವಿಎ ಅಂದ್ರೆ 230 ವೋಲ್ಟಲ್ಲಿ ಹತ್ರಹತ್ರ 13 ಆಂಪ್. ನಿಮ್ದು 0.75 ಸ್ಕ್ವೇರ್ (ಚದರ ಮಿ.ಮೀ. ದಪ್ಪ) ಇದ್ರೆ 30 ಮೀಟರಲ್ಲಿ, ಹೋಗೋದು ಬರೋದು ಸೇರಿ, ಫುಲ್ ಲೋಡಿಗೆ ಸುಮಾರು 20 ವೋಲ್ಟ್ ದಾರೀಲೇ ಹೋಗತ್ತೆ. ಮೋಟರ್ ಸ್ಟಾರ್ಟ್ ಆಗೋವಾಗ ಓಡೋದರ ಐದಾರು ಪಟ್ಟು ಎಳೆಯತ್ತೆ, ವೋಲ್ಟೇಜ್ ಇನ್ನೂ ಕುಸಿದು ಅದು ಏಳೋದೇ ಇಲ್ಲ, ವೈಂಡಿಂಗ್ ಸುಡತ್ತೆ. 2.5 ಸ್ಕ್ವೇರ್ ತಾಮ್ರದ್ದಾದ್ರೆ ಅದೇ ಲೋಡಿಗೆ ಆರು ವೋಲ್ಟ್ ಅಷ್ಟೇ. ಮೂರು ಕೋರ್ (ಫೇಸ್, ನ್ಯೂಟ್ರಲ್, ಅರ್ಥ್ ಅಂತ ಮೂರೆಳೆ) ಫ್ಲೆಕ್ಸಿಬಲ್, ಐಎಸ್‌ಐ ಮಾರ್ಕ್ ನೋಡಿ, ಮಳೇಲಿ ಬಿದ್ದಿರೋದಾದ್ರೆ ರಬ್ಬರ್ ಹೊದಿಕೇದು ತಗೊಳ್ಳಿ. ಜಾಯಿಂಟ್ ಬೇಡವೇ ಬೇಡ, ಟೇಪ್ ಸುತ್ತಿದ್ದು ನಮ್ಮ ಮಳೆಗೆ ನಿಲ್ಲಲ್ಲ. ಒಂದೇ ಉದ್ದ ತನ್ನಿ, ಸುರುಳಿ ಪೂರ್ತಿ ಬಿಚ್ಚಿ ಹಾಕಿ, ಸುತ್ತಿಟ್ಟು ಲೋಡ್ ಕೊಟ್ರೆ ಶಾಖ ಒಳಗೇ ಉಳಿದು ಕರಗತ್ತೆ. ಹೊಸ ವೈರಲ್ಲೂ ಮೋಟರ್ ಏಳದಿದ್ರೆ ಜನರೇಟರ್ ಸಾಲ್ತಿಲ್ಲ ಅಂತ, ಮತ್ತೆ ಮತ್ತೆ ಒತ್ತಬೇಡಿ.

ವಿರಾಜಪೇಟೆ ಅಕ್ಕ:
ಮನೆಗೆ ಹೇಗೆ ಕೊಡ್ತಿದೀರ ಅಂತ ಹೇಳ್ಲೇ ಇಲ್ಲ ತಮ್ಮ? ಎರಡೂ ತುದೀಲಿ ಪ್ಲಗ್ ಇರೋ ವೈರನ್ನ ಗೋಡೆ ಸಾಕೆಟ್‌ಗೆ ಚುಚ್ಚಿದ್ರೆ ದಯವಿಟ್ಟು ನಿಲ್ಲಿಸಿ. ಆ ಕರೆಂಟ್ ವಾಪಸ್ ಲೈನಿಗೆ ಹೋಗಿ ಟ್ರಾನ್ಸ್‌ಫಾರ್ಮರಲ್ಲಿ 11,000 ವೋಲ್ಟ್ ಆಗಬಹುದು, ಮಳೇಲಿ ನೆಂದ್ಕೊಂಡು ನಮಗೋಸ್ಕರ ಕಂಬ ಹತ್ತಿರೋ ಲೈನ್‌ಮ್ಯಾನ್ ಜೀವ ಹೋಗತ್ತೆ. ಮನೆಗೆ ಒಂದೋ ಲೈನ್, ಇಲ್ಲಾ ಜನರೇಟರ್, ಒಂದನ್ನೇ ಕೊಡೋ ಚೇಂಜ್ ಓವರ್ ಸ್ವಿಚ್ ಹಾಕಿಸಲೇಬೇಕು.

ನಾಪೋಕ್ಲು ತೋಟ:
ಹೌದು ಅಕ್ಕ, ಸಾಕೆಟ್‌ಗೇ ಕೊಟ್ಟಿದ್ದೆ. ಇದು ಲೈನಿಗೆ ಹೋಗತ್ತೆ ಅಂತ ಗೊತ್ತೇ ಇರ್ಲಿಲ್ಲ, ಈಗಷ್ಟೇ ಕಿತ್ತು ಬಂದೆ. ವೈರ್ ಜೊತೆ ಆರ್‌ಸಿಸಿಬಿ (ಕರೆಂಟ್ ಸೋರಿದ್ರೆ ತಾನೇ ಆಫ್ ಆಗೋ ಸ್ವಿಚ್) ಹಾಕಿದ್ರೆ ಶಾಕ್‌ಗೆ ಸಾಕಾ?

ಸೋಮವಾರಪೇಟೆ ವೈರಿಂಗ್:
ಬರೀ ಹಾಕಿದ್ರೆ ಸಾಲಲ್ಲ. ಸಣ್ಣ ಜನರೇಟರಲ್ಲಿ ಎಷ್ಟೋ ಸಲ ನ್ಯೂಟ್ರಲ್‌ಗೂ ಅರ್ಥ್‌ಗೂ ಕನೆಕ್ಷನ್ ಇರಲ್ಲ, ಆಗ ಸೋರಿಕೆ ಆದ್ರೂ 30 ಮಿಲಿಆಂಪ್ ಆರ್‌ಸಿಸಿಬಿ ಟ್ರಿಪ್ ಆಗದೇ ಇರಬಹುದು. ಅರ್ಥಿಂಗ್, ಚೇಂಜ್ ಓವರ್, ಆರ್‌ಸಿಸಿಬಿ ಮೂರನ್ನೂ ಲೈಸೆನ್ಸ್ ಇರೋರ ಹತ್ರ ಒಟ್ಟಿಗೆ ಮಾಡಿಸಿ, ಕಣ್ಣೆದುರೇ ಟೆಸ್ಟ್ ಮಾಡಿಸಿ. ವೈರನ್ನ ಅಮ್ಮ ನಡೆಯೋ ದಾರಿ ಬಿಟ್ಟು ಬೇಲಿ ಪಕ್ಕ ಪೈಪ್ ಒಳಗೆ ತಗೊಂಡು ಹೋಗಿ.

ನಾಪೋಕ್ಲು ತೋಟ:
ಸರಿ ಅಣ್ಣ. ನಾಳೆ ಮಡಿಕೇರಿಗೆ ಹೋಗಿ 2.5 ಮೂರು ಕೋರ್ 35 ಮೀಟರ್ ತರ್ತೀನಿ. ಅಲ್ಲಿವರೆಗೆ ಬಾವಿ ನೀರು ಕೈಯಲ್ಲೇ ಸೇದೋದು.