ಅಪ್ಪನಿಗೆ ಸ್ಟೆಂಟ್: ದೇಶಿ ಸಾಕಾ, ಇಂಪೋರ್ಟೆಡ್ ಬೇಕಾ?

ಥಾಣೆ ಹುಡುಗ: ಅಪ್ಪನಿಗೆ ಎಲ್‌ಎಡಿಯಲ್ಲಿ (ಹೃದಯದ ಮುಂಭಾಗದ ಮುಖ್ಯ ರಕ್ತನಾಳ) 80% ಬ್ಲಾಕ್. ನಾಳಿದ್ದು ಆಂಜಿಯೋಪ್ಲಾಸ್ಟಿ, ಅಂದ್ರೆ ಬಲೂನಿಂದ ನಾಳ ಅಗಲಿಸಿ ಸ್ಟೆಂಟ್ ಅನ್ನೋ ಜಾಲರಿ ಕೊಳವೆ ಕೂರಿಸೋದು. ಇಂಪೋರ್ಟೆಡ್ ಹಾಕೋಣ ಅಂತಿದ್ದಾರೆ ಡಾಕ್ಟ್ರು. ಹಾಕಿಸಿದವರು ಹೇಳಿ.

ಪಿಂಪ್ರಿ ಗೌಡ್ರು: ಸ್ಟೆಂಟಿನ ರೇಟಿಗೆ ಸರಕಾರದ ಮಿತಿ ಐತ್ರಿ, ದೇಶಿ-ವಿದೇಶಿ ಎರಡಕ್ಕೂ ಒಂದ. 2017ರಾಗ ಔಷಧ ಲೇಪದ್ದಕ್ಕ 29,600, ಬರೇ ಲೋಹದ್ದಕ್ಕ 7,260 ಇತ್ತು, ಈಗ ಏರೇತಿ. ನಮ್ಮ ಮಾವನ ಬಿಲ್ಲಿನ್ಯಾಗ ಸ್ಟೆಂಟ್ ಮಿತಿಯೊಳಗ ಇತ್ತು. ಹಿಂಡಿದ್ದು ಬಲೂನ್, ಗೈಡ್ ಕ್ಯಾಥೆಟರ್ (ನಾಳದಾಗ ತೂರಿಸೂ ಕೊಳವಿ), ವಯರ್‌ನ್ಯಾಗ! ಎಲ್ಲಾ ಸೇರಿಸಿ ‘ಕನ್ಸ್ಯೂಮೇಬಲ್ಸ್’ (ಬಳಸಿ ಬಿಡೂ ಸಾಮಾನು) ಅಂತ ಒಂದ ಸಾಲು. ಸ್ಟೆಂಟಿನ ಬ್ರ್ಯಾಂಡು, ಬ್ಯಾಚ್ ನಂಬರು ಬಿಲ್ಲಿನ್ಯಾಗ ಬ್ಯಾರೆ ಬರೀಬೇಕು, ಅದು ನಿಯಮ. ಡಬ್ಬಿ ಮ್ಯಾಲಿನ ಸ್ಟಿಕರ್ ಇಸಗೋರಿ.

ಮಾಟುಂಗಾ ಶೆಟ್ರು: ರೇಟು ರೇಟು ಅಂತ ಸಾಯ್ಬೇಡಿ ಮಾರಾಯ್ರೆ, ಸೈಜ್ ಮುಖ್ಯ. 3 ಮಿ.ಮೀ. ನಾಳಕ್ಕೆ 2.5ರದ್ದು ಹಾಕಿದರೆ ಗೋಡೆಗೆ ಕೂರುವುದಿಲ್ಲ, ಆ ಸಂದಿಯಲ್ಲೇ ರಕ್ತ ಹೆಪ್ಪುಗಟ್ಟುವುದು. ದೊಡ್ಡದಾದರೆ ಅಂಚಿನಲ್ಲಿ ನಾಳ ಸೀಳುತ್ತದೆ. ಕ್ಯಾಲ್ಸಿಯಂ ಗಟ್ಟಿ ಇದ್ದು ರೋಟಾ ಮಾಡದೆ (ಅದನ್ನು ಕೊರೆದು ಸವೆಸದೆ) ಹಾಕಿದರೆ ಸ್ಟೆಂಟ್ ಪೂರ್ತಿ ಅರಳುವುದೇ ಇಲ್ಲ. ಐವಸ್ (ನಾಳದೊಳಗೆ ಇಳಿಸುವ ಅಲ್ಟ್ರಾಸೌಂಡ್) ಹಾಕಿ ಅಳೆಯುತ್ತೀರಾ, ಕೊನೆಗೆ ಎನ್‌ಸಿ ಬಲೂನಿನಲ್ಲಿ (ಜೋರು ಒತ್ತಡದ ಗಟ್ಟಿ ಬಲೂನ್) ಒತ್ತುತ್ತೀರಾ ಅಂತ ಕೇಳಿ. ಅಣ್ಣನಿಗೆ ಐವಸ್‌ಗೆ ಬೇರೆ ದುಡ್ಡು ಹೋಯ್ತು. ಬೇಜಾರಿಲ್ಲ.

ಪಿಂಪ್ರಿ ಗೌಡ್ರು: ಹೋಟೆಲ್ ಗಲ್ಲಾ ಇದ್ದವರಿಗೆ ಬ್ಯಾಸರ ಯಾಕ ಆಕ್ಕೈತ್ರಿ?

ಮಾಟುಂಗಾ ಶೆಟ್ರು: ಗಲ್ಲಾ ಸುದ್ದಿ ಬೇಡ. ನೀವು ಉಳಿಸಿದ್ದು ಎಷ್ಟು, ಅದನ್ನು ಹೇಳಿ.

ವಾಸ್ಕೋ ಅಕ್ಕ: ಗುಳಿಗಿ ಬಗ್ಗೆ ಒಬ್ಬರೂ ಹೇಳವಲ್ರಿ! ರಕ್ತ ಹೆಪ್ಪುಗಟ್ಟದಂಗ ಇಕೋಸ್ಪ್ರಿನ್ (ಆಸ್ಪಿರಿನ್) 75 ಮಿ.ಗ್ರಾಂ. ಸಾಮಾನ್ಯವಾಗಿ ಕಡೀತನಕ. ಜೋಡಿಗೆ ಕ್ಲೋಪಿಡೋಗ್ರೆಲ್ 75 ದಿನಕ್ಕೊಂದು, ಇಲ್ಲಾ ಟಿಕಾಗ್ರೆಲಾರ್ 90 ಎರಡು ಹೊತ್ತು. ಈ ಎರಡನೇದು ಅಟ್ಯಾಕ್ ಆಗಿದ್ರ ಬಹುತೇಕ 1 ವರ್ಷ, ಇಲ್ಲಂದ್ರ 6 ತಿಂಗಳು. ನಡುವ ಬಿಟ್ರ ಸ್ಟೆಂಟ್ ಒಮ್ಮೆಲೇ ಮುಚ್ಚಿಕೊಳ್ಳಬಹುದು. ಹಲ್ಲು ಕೀಳೋರು ‘ನಿಲ್ಸಿ ಬರ್ರಿ’ ಅಂದ್ರೂ ಹಾರ್ಟಿನ ಡಾಕ್ಟರನ್ನ ಕೇಳದ ನಿಲ್ಲಿಸಬ್ಯಾಡ್ರಿ. ಕ್ಲೋಪಿಡೋಗ್ರೆಲ್ ಇದ್ರ ಆಸಿಡಿಟಿಗೆ ಒಮೆಪ್ರಜೋಲ್ ಬ್ಯಾಡ, ಪ್ಯಾಂಟೊಪ್ರಜೋಲ್ ಕೇಳ್ರಿ. ಟಿಕಾಗ್ರೆಲಾರ್‌ಗೆ ಕೆಲವರಿಗೆ ಉಸಿರು ಸಾಲದಂಗ ಆಕ್ಕೈತಿ. ಹೆದರಿ ತಾವ ಬಿಡೂದಲ್ಲ, ಫೋನ್ ಮಾಡೂದು.

ಕೋಥ್ರೂಡ್ ರಾಯರು: ನಮ್ಮನೇಲಿ ಕಿಡ್ನಿ ಕಲ್ಲಿಗೆ ಹಾಕಿದ ಡಿಜೆ ಸ್ಟೆಂಟ್, ಮೂತ್ರನಾಳದಲ್ಲಿ ಕೂರಿಸೋ ತಾತ್ಕಾಲಿಕ ಕೊಳವೆ. ತೆಗೆಸೋ ತಾರೀಕು ಬರೆಸಿಕೊಳ್ಳಿ. ಮರೆತು ತಿಂಗಳುಗಟ್ಟಲೆ ಬಿಟ್ಟರೆ ಅದರ ಮೇಲೇ ಕಲ್ಲು ಕಟ್ಟುತ್ತೆ, ಎಳೆದರೆ ಬರಲ್ಲ, ಲೇಸರ್‌ನಲ್ಲಿ ಒಡೀಬೇಕಾಗುತ್ತೆ.

ಮಾಟುಂಗಾ ಶೆಟ್ರು: ಹೃದಯದ ಪ್ರಶ್ನೆಗೆ ಮೂತ್ರದ ಉತ್ತರ!

ಕೋಥ್ರೂಡ್ ರಾಯರು: ಸ್ಟೆಂಟ್ ಏನು ಹೃದಯದವರ ಪಿತ್ರಾರ್ಜಿತ ಆಸ್ತಿಯಾ? ಚಾರ್ಲ್ಸ್ ಸ್ಟೆಂಟ್ ಅನ್ನೋ ಇಂಗ್ಲಿಷ್ ದಂತವೈದ್ಯನ ಹೆಸರು ಸ್ವಾಮಿ ಅದು. ಹಲ್ಲಿನ ಅಚ್ಚು ತೆಗೆಯೋಕೆ 1856ರಲ್ಲಿ ಅವನು ಮಾಡಿದ ಮಿಶ್ರಣವನ್ನೇ ಮೊದಲ ಮಹಾಯುದ್ಧದ ಹೊತ್ತಿಗೆ ಎಸ್ಸರ್ ಅನ್ನೋ ಡಚ್ ಸರ್ಜನ್ನು ಚರ್ಮದ ಕಸಿ ಒತ್ತಿ ಹಿಡಿಯೋಕೆ ಬಳಸಿದ. ಮನುಷ್ಯನ ಹೃದಯದ ನಾಳಕ್ಕೆ ಬಂದಿದ್ದು 1986ರಲ್ಲಿ.

ಪಿಂಪ್ರಿ ಗೌಡ್ರು: ಹಲ್ಲಿನ ಪುರಾಣ ಸಾಕ್ರಿ. ಥಾಣೆದವರ, ಆ ಆಸ್ಪತ್ರ್ಯಾಗ ಮಹಾರಾಷ್ಟ್ರ ಸರಕಾರದ ಮಹಾತ್ಮಾ ಫುಲೆ ಆರೋಗ್ಯ ಯೋಜನೆ ಐತೇನು, ಅಡ್ಮಿಟ್ ಆಗೂ ಮೊದಲ ಆರೋಗ್ಯಮಿತ್ರರನ್ನ (ಯೋಜನೆಯ ಸಹಾಯಕರು) ಕೇಳ್ರಿ. ರೇಷನ್ ಕಾರ್ಡು, ಆಧಾರ್ ಕೈಯಾಗ ಇರ್ಲಿ.

ಥಾಣೆ ಹುಡುಗ: ಅಪ್ಪನ ಕಿಡ್ನಿ ಟೆಸ್ಟಲ್ಲಿ ಕ್ರಿಯಾಟಿನಿನ್ 1.6 ಇದೆ. ತೊಂದರೆಯಾ?

ಮಾಟುಂಗಾ ಶೆಟ್ರು: ಇದನ್ನು ಮೊದಲು ಹೇಳುವುದಲ್ವಾ! ನಾಳ ಕಾಣಲು ಹಾಕುವ ಡೈ ಕಿಡ್ನಿಗೆ ಪೆಟ್ಟು ಕೊಡಬಹುದು. ಮೊದಲೇ ಸಲೈನ್ ಕೊಡ್ತೀರಾ, ಡೈ ಎಷ್ಟು ಕಡಿಮೆ ಮಾಡ್ತೀರಾ ಕೇಳಿ. ಶುಗರಿಗೆ ಮೆಟ್‌ಫಾರ್ಮಿನ್ ತಗೊಳ್ತಿದ್ದರೆ ಅದನ್ನೂ ಇವತ್ತೇ ಹೇಳಿ.