ಬಿಯರ್ ಟ್ಯಾಂಕಿನ ತಳದ ಯೀಸ್ಟ್ ಗಸಿಯಿಂದ ಏನು ಮಾಡಬಹುದು? (ಪ್ರಶ್ನೋತ್ತರ)

ಪ್ರಶ್ನೆ: ಮೇಡಂ, ನಮ್ಮದು ಸಣ್ಣ ಬಿಯರ್ ಘಟಕ. ಪ್ರತಿ ಬ್ಯಾಚ್ ಆದಮೇಲೆ ಟ್ಯಾಂಕಿನ ತಳದಲ್ಲಿ ಯೀಸ್ಟ್ ಗಸಿ ನಿಲ್ಲುತ್ತದೆ. ಸ್ವಲ್ಪ ಮುಂದಿನ ಬ್ಯಾಚಿಗೆ ಬಳಸುತ್ತೇವೆ, ಉಳಿದದ್ದು ತೊಳೆದ ನೀರಿನ ಜೊತೆ ಚರಂಡಿಗೆ ಹೋಗುತ್ತದೆ. ಇದನ್ನು ಒಣಗಿಸಿ ಪ್ರೋಟೀನ್ ಪುಡಿ ಮಾಡಿ ಮಾರಬಹುದು ಎಂದು ಒಬ್ಬರು ಹೇಳಿದರು. ಡ್ರೈಯರ್ ಕೊಳ್ಳೋದಾ?

ಉತ್ತರ: ಸದ್ಯಕ್ಕೆ ಬೇಡ. ಮೊದಲು ಚರಂಡಿಗೆ ಬಿಡುವುದನ್ನು ನಿಲ್ಲಿಸಿ. ಮನೆಗಳ ಕೊಳಚೆ ನೀರಿನ ಬಿಓಡಿ (ಕೊಳೆಯನ್ನು ಒಡೆಯಲು ಸೂಕ್ಷ್ಮಜೀವಿಗಳಿಗೆ ಬೇಕಾಗುವ ಆಮ್ಲಜನಕದ ಅಳತೆ) ಲೀಟರಿಗೆ ಹೆಚ್ಚುಕಡಿಮೆ 200–300 ಮಿಲಿಗ್ರಾಂ ಇರುತ್ತದೆ, ಯೀಸ್ಟ್ ಗಸಿಯದು 1 ಲಕ್ಷ ದಾಟುತ್ತದೆ. ಒಂದೆರಡು ಡ್ರಮ್ ಸುರಿದರೂ ನೀರು ಶುದ್ಧೀಕರಿಸುವ ಘಟಕಕ್ಕೆ ಉಸಿರು ಕಟ್ಟುತ್ತದೆ.

ಇನ್ನು ಡ್ರೈಯರ್ ವಿಷಯ. ಗಸಿ ನೋಡಲು ಕೆನೆಯ ಹಾಗೆ ಮಂದವಾಗಿದ್ದರೂ ಅದರಲ್ಲಿ ಘನ ಪದಾರ್ಥ ಇರುವುದು ಬರೀ 10ರಿಂದ 15 ಪ್ರತಿಶತ, ಉಳಿದದ್ದೆಲ್ಲ ನೀರು ಮತ್ತು ಬಿಯರ್. 12 ಪ್ರತಿಶತ ಅಂದುಕೊಳ್ಳಿ. 1000 ಕೆಜಿ ಗಸಿಯಿಂದ ಸಿಗುವ ಪುಡಿ, ಅದರಲ್ಲಿ ಉಳಿಯುವ ಅಲ್ಪ ತೇವವೂ ಸೇರಿ, 125 ಕೆಜಿ ಆಸುಪಾಸು. ಅದಕ್ಕಾಗಿ 870 ಕೆಜಿಯಷ್ಟು ನೀರು ಆವಿ ಮಾಡಬೇಕು, ಅಂದರೆ ಒಂಚೂರೂ ನಷ್ಟವಿಲ್ಲದೆ ಲೆಕ್ಕ ಹಾಕಿದರೂ 540 ಯೂನಿಟ್ ವಿದ್ಯುತ್ತಿನಷ್ಟು ಶಾಖ. ನಿಜವಾದ ಯಂತ್ರದಲ್ಲಿ ಇನ್ನೂ ಜಾಸ್ತಿ. ದೊಡ್ಡ ಘಟಕಗಳು ಮೊದಲು ಸೆಂಟ್ರಿಫ್ಯೂಜ್ ಅಥವಾ ಫಿಲ್ಟರ್ ಪ್ರೆಸ್‌ನಲ್ಲಿ ನೀರು ತೆಗೆದು, ಆಮೇಲೆ ಬಿಸಿ ಉರುಳೆಗಳ ಮೇಲೆ ಹರಡಿ ಒಣಗಿಸುತ್ತವೆ. ಅವರಿಗೆ ದಿನವಿಡೀ ಗಸಿ ಬರುತ್ತದೆ, ಹಬೆಯೂ ಇರುತ್ತದೆ. ಬ್ಯಾಚಿಗೊಮ್ಮೆ ಎರಡು ಡ್ರಮ್ ಬರುವ ಕಡೆ ಈ ಲೆಕ್ಕ ಕೂಡುವುದಿಲ್ಲ.

ಪ್ರಶ್ನೆ: ಹಾಗಾದರೆ ಹಸಿಯಾಗಿಯೇ ದನಗಳಿಗೆ ಹಾಕಬಹುದಾ? ಮುಚ್ಚಳ ಹಾಕಿಟ್ಟ ಕ್ಯಾನ್ ಒಂದು ಉಬ್ಬಿಕೊಂಡಿದೆ, ಅದೇನು?

ಉತ್ತರ: ಯೀಸ್ಟ್ ಇನ್ನೂ ಜೀವಂತ ಇದೆ. ಉಳಿದ ಸಕ್ಕರೆ ತಿಂದು ಇಂಗಾಲದ ಡೈಆಕ್ಸೈಡ್ ಬಿಡುತ್ತಲೇ ಇರುತ್ತದೆ. ಆ ಕ್ಯಾನನ್ನು ತಂಪು ಜಾಗದಲ್ಲಿಟ್ಟು, ಮುಖ ದೂರ ಹಿಡಿದು, ಮುಚ್ಚಳವನ್ನು ನಿಧಾನಕ್ಕೆ ಸಡಿಲ ಮಾಡಿ. ಒಮ್ಮೆಗೇ ತಿರುಗಿಸಿದರೆ ನೊರೆ ಸೂರಿಗೆ ಹಾರುತ್ತದೆ. ಇನ್ನು ಮುಂದೆ ಗಾಳಿ ಹೊರಹೋಗುವ ಮುಚ್ಚಳ ಬಳಸಿ. ಕಿಟಕಿಯಿಲ್ಲದ ಕೋಣೆಯಲ್ಲಂತೂ ಇಡಲೇಬೇಡಿ, ಈ ಅನಿಲ ನೆಲದ ಹತ್ತಿರ ತುಂಬಿಕೊಳ್ಳುತ್ತದೆ, ವಾಸನೆಯೂ ಇರುವುದಿಲ್ಲ.

ಕ್ಯಾನಿನಲ್ಲಿ ನಡೆಯುವುದೇ ಪ್ರಾಣಿಯ ಹೊಟ್ಟೆಯಲ್ಲೂ ನಡೆದರೆ ಉಬ್ಬರ ಬರುತ್ತದೆ. ಅದಕ್ಕೇ ಯೀಸ್ಟನ್ನು ಸಾಯಿಸಿ ಕೊಡಬೇಕು. ಕಲಕುತ್ತಾ 70 ಡಿಗ್ರಿ ಸೆಲ್ಸಿಯಸ್‌ಗೆ ತಂದು ಕಾಲು ಗಂಟೆ ಅಲ್ಲೇ ಹಿಡಿದಿಟ್ಟರೆ ಆಯಿತು. ಕಲಕುವುದನ್ನು ಮರೆಯಬೇಡಿ, ತಳ ಬೇಗ ಹತ್ತುತ್ತದೆ. ಕೆಲವರು ಶಾಖದ ಬದಲು ಪ್ರೊಪಿಯಾನಿಕ್ ಅಥವಾ ಫಾರ್ಮಿಕ್ ಆಮ್ಲ ಬೆರೆಸಿ ಕಾಪಾಡುತ್ತಾರೆ, ಆದರೆ ಆ ಆಮ್ಲಗಳು ಕೈ ಸುಡುತ್ತವೆ, ಅಳತೆಯೂ ಸರಿಯಾಗಿರಬೇಕು.

ಯೀಸ್ಟಿನ ಒಣ ತೂಕದಲ್ಲಿ 45–50 ಪ್ರತಿಶತ ಪ್ರೋಟೀನ್ ಇದೆ, ಬಿ ಗುಂಪಿನ ಜೀವಸತ್ವಗಳೂ ಚೆನ್ನಾಗಿವೆ (ಬಿ12 ಮಾತ್ರ ಇಲ್ಲ, ಅದಿದೆ ಎಂದು ಹೇಳಿ ಮಾರುವವರನ್ನು ನಂಬಬೇಡಿ). ಮೊದಲ ವಾರ ಸ್ವಲ್ಪ ಸ್ವಲ್ಪವೇ ಕೊಟ್ಟು ಪ್ರಾಣಿಗಳಿಗೆ ರೂಢಿ ಮಾಡಿಸಿ. ಪ್ರಮಾಣವನ್ನು ಪಶುವೈದ್ಯರ ಹತ್ತಿರ ಕೇಳಿಯೇ ನಿರ್ಧರಿಸಿ. ನಿಮ್ಮ ಅಳತೆಯ ಘಟಕಕ್ಕೆ ನಾನು ಮೊದಲು ಹೇಳುವುದು ಇದನ್ನೇ: ಸಾಯಿಸಿ, ತಣ್ಣಗೆ ಮಾಡಿ, ಹತ್ತಿರದಲ್ಲೇ ದನ ಸಾಕುವವರಿಗೆ ಬೇಗ ತಲುಪಿಸಿ. ದೂರಕ್ಕೆ ಕಳಿಸಿದರೆ ನೀರಿಗೆ ಲಾರಿ ಬಾಡಿಗೆ ಕೊಟ್ಟ ಹಾಗೆ.

ಇನ್ನೊಬ್ಬರ ಪ್ರಶ್ನೆ: ಮನುಷ್ಯರು ತಿನ್ನುವ ಯೀಸ್ಟ್ ಎಕ್ಸ್‌ಟ್ರಾಕ್ಟ್ ಕೂಡ ಇದರಿಂದಲೇ ಬರುತ್ತದಲ್ವಾ? ಅದಕ್ಕೆ ಬೆಲೆ ಜಾಸ್ತಿ ಅಲ್ವಾ?

ಉತ್ತರ: ಹೌದು, ಇದರಿಂದಲೇ. 1902ರಲ್ಲಿ ಇಂಗ್ಲೆಂಡಿನ ಬರ್ಟನ್ ಅಪಾನ್ ಟ್ರೆಂಟ್‌ನಲ್ಲಿ ಮಾರ್ಮೈಟ್ ಎಂಬ, ಬ್ರೆಡ್ಡಿಗೆ ಸವರುವ ಯೀಸ್ಟ್ ಸಾರದ ತಯಾರಿಕೆ ಶುರುವಾಗಿದ್ದು ಸುತ್ತಲ ಬಿಯರ್ ಘಟಕಗಳ ಯೀಸ್ಟ್ ನಂಬಿಕೊಂಡೇ. ಕೆಲಸದ ತಿರುಳು ಸರಳ. ಗಸಿಯನ್ನು 45–50 ಡಿಗ್ರಿಯಲ್ಲಿ ಸುಮಾರು ಒಂದು ದಿನ ಕಲಕುತ್ತಾ ಇಟ್ಟರೆ ಜೀವಕೋಶಗಳು ಸಾಯುತ್ತವೆ, ಅವುಗಳೊಳಗಿನ ಕಿಣ್ವಗಳೇ ಪ್ರೋಟೀನನ್ನು ತುಂಡು ಮಾಡುತ್ತವೆ. ಸ್ವಲ್ಪ ಉಪ್ಪು ಹಾಕಿದರೆ ಇದು ಬೇಗ ಆಗುತ್ತದೆ. ಮಂದವಾಗಿದ್ದ ಗಸಿ ತೆಳ್ಳಗಾಗುತ್ತಾ, ಬಣ್ಣ ಕಂದಾಗುತ್ತಾ, ಹುಳಿ ಬಿಯರ್ ವಾಸನೆ ಹೋಗಿ ಮಾಂಸದ ಸಾರಿನಂಥ ವಾಸನೆ ಬರುತ್ತದೆ. ಪ್ರೋಟೀನ್ ಒಡೆದು ಗ್ಲುಟಮೇಟ್ (ಸಾರಿನಂಥ ರುಚಿ ಕೊಡುವ ವಸ್ತು) ಬಿಡುಗಡೆಯಾದದ್ದರ ಗುರುತು ಅದು. ಆಮೇಲೆ 85–90 ಡಿಗ್ರಿಗೆ ಏರಿಸಿ ಕಿಣ್ವಗಳನ್ನು ನಿಲ್ಲಿಸಿ, ತಿಳಿಯನ್ನು ಬೇರೆ ಮಾಡಿ ಗಟ್ಟಿಗೊಳಿಸುತ್ತಾರೆ. ಶಾಖ ಕಡಿಮೆಯಾದರೆ ಬೇರೆ ಬ್ಯಾಕ್ಟೀರಿಯಾ ಸೇರಿಕೊಂಡು ಕೊಳೆಯುತ್ತದೆ, ಶುರುವಿನಲ್ಲೇ ಜಾಸ್ತಿಯಾದರೆ ಕಿಣ್ವಗಳೇ ಸತ್ತು ಏನೂ ಆಗದೆ ಕೂರುತ್ತದೆ.

ತೊಂದರೆ ಇರುವುದು ಕಹಿಯಲ್ಲಿ. ಬಿಯರಿಗೆ ಕಹಿ ಬರಲು ಹಾಕುವ ಹೂವೇ ಹಾಪ್ಸ್. ಹಾಪ್ಸ್‌ನ ಕಹಿ ಯೀಸ್ಟಿನ ಮೈಗೆ ಅಂಟಿಕೊಂಡಿರುತ್ತದೆ. ಕಾಸ್ಟಿಕ್ ಸೋಡಾದ ತೆಳು ದ್ರಾವಣದಲ್ಲಿ ಪಿಎಚ್ ಏರಿಸಿ, ಮತ್ತೆ ಮತ್ತೆ ನೀರಲ್ಲಿ ತೊಳೆಯಬೇಕು. ಆ ನೀರು ಮತ್ತೆ ಕೊಳಚೆಯೇ! ಇನ್ನೊಂದು, ಯೀಸ್ಟಿನಲ್ಲಿ ನ್ಯೂಕ್ಲಿಯಿಕ್ ಆಮ್ಲ ಜಾಸ್ತಿ. ನಮ್ಮ ದೇಹದಲ್ಲಿ ಅದು ಯೂರಿಕ್ ಆಮ್ಲವಾಗುತ್ತದೆ (ಜಾಸ್ತಿಯಾದರೆ ಕೀಲುನೋವು ತರುವ ವಸ್ತು), ಅದನ್ನು ಮುಂದೆ ಒಡೆಯುವ ಕಿಣ್ವ ಮನುಷ್ಯರಿಗಿಲ್ಲ. ಇಂಥ ಆಹಾರದ ಮೂಲಕ ದೊಡ್ಡವರಿಗೆ ದಿನಕ್ಕೆ 2 ಗ್ರಾಂ ನ್ಯೂಕ್ಲಿಯಿಕ್ ಆಮ್ಲ ಮೀರಬಾರದು ಎಂಬ ಮಿತಿ ಇರುವುದು ಇದಕ್ಕೇ. ಬ್ರೆಡ್ಡಿಗೆ ಒಂದು ಚಮಚ ಸವರಿ ತಿನ್ನುವವರಿಗೆ ಚಿಂತೆಯಿಲ್ಲ. ಮುಷ್ಟಿಗಟ್ಟಲೆ ಪ್ರೋಟೀನ್ ಪುಡಿ ಅಂತ ತಿನ್ನಿಸಲು ಹೊರಟರೆ ಮಾತು ಬೇರೆ. ಹಾಗಾಗಿ ಆ ಪುಡಿಯ ಯೋಚನೆ ಬಿಟ್ಟುಬಿಡಿ.

ತಿಳಿ ತೆಗೆದ ಮೇಲೆ ಉಳಿಯುವ ಕೋಶದ ಗೋಡೆಯನ್ನೂ ಎಸೆಯುವುದಿಲ್ಲ. ಅದರಲ್ಲಿರುವ ಬೀಟಾ ಗ್ಲುಕಾನ್ ಮತ್ತು ಮನ್ನಾನ್ ಎಂಬ ನಾರಿನಂಥ ಪದಾರ್ಥಗಳು ಇರುವುದರಿಂದ ಅದು ಮೀನು, ಸೀಗಡಿ, ಕೋಳಿಗಳ ಮೇವಿಗೆ ಹೋಗುತ್ತದೆ.

ಪ್ರಶ್ನೆ: ಬಾರ್ಲಿ ಚರಟ, ಹಾಪ್ಸ್ ಗಸಿ ಕೂಡ ರಾಶಿ ಬೀಳುತ್ತದೆ. ಎಲ್ಲಾ ಸೇರಿಸಿ ಗೊಬ್ಬರ ಮಾಡಿಬಿಟ್ಟರೆ?

ಉತ್ತರ: ಚರಟವನ್ನು ಗೊಬ್ಬರಕ್ಕೆ ಹಾಕುವುದು ನನ್ನ ಪ್ರಕಾರ ಸುಮ್ನೆ ವ್ಯರ್ಥ, ಒಳ್ಳೆ ಮೇವು ಅದು. ಆದರೆ ಮುಕ್ಕಾಲು ಭಾಗಕ್ಕಿಂತ ಜಾಸ್ತಿ ನೀರಿರುವುದರಿಂದ ಎರಡು ಮೂರು ದಿನದಲ್ಲಿ ಬೂಸ್ಟು ಹಿಡಿಯುತ್ತದೆ. ಬೂಸ್ಟು ಬಂದದ್ದನ್ನು ಮೇವಿಗೆ ಕೊಡಬೇಡಿ. ಸಾಯಿಸಿದ ಯೀಸ್ಟ್ ಬೆರೆಸಿ, ಒತ್ತಿ, ಗಾಳಿಯಾಡದಂತೆ ಚೀಲದಲ್ಲಿ ತುಂಬಿದರೆ ತಾನಾಗಿ ಹುಳಿಯಾಗಿ ಹೆಚ್ಚು ದಿನ ಬಾಳುತ್ತದೆ.

ಗೊಬ್ಬರಕ್ಕೆ ಹಾಪ್ಸ್ ಗಸಿ, ಕೆಟ್ಟುಹೋದ ಯೀಸ್ಟ್, ಬೂಸ್ಟು ಚರಟ ಹಾಕಿ. ಯೀಸ್ಟಿನಲ್ಲಿ ಒಂದು ಪಾಲು ಸಾರಜನಕಕ್ಕೆ ಇಂಗಾಲ ಬರೀ ಆರು ಪಾಲಿನಷ್ಟಿದೆ, ಕಾಂಪೋಸ್ಟಿಗೆ ಬೇಕಾದದ್ದು 25–30 ಪಾಲು. ಒಣ ಎಲೆ, ಹುಲ್ಲು, ಮರದ ಹೊಟ್ಟು ಧಾರಾಳವಾಗಿ ಸೇರಿಸಿ, ಇಲ್ಲದಿದ್ದರೆ ಅಮೋನಿಯಾ ಕಣ್ಣಿಗೆ ಹೊಡೆಯುತ್ತದೆ. ಗೋಬರ್ ಗ್ಯಾಸ್ ತೊಟ್ಟಿಗೂ ಇದೇ ಮಾತು: ಯೀಸ್ಟ್ ಒಂದನ್ನೇ ಸುರಿದರೆ ಅದೇ ಅಮೋನಿಯಾ ಗ್ಯಾಸ್ ಮಾಡುವ ಸೂಕ್ಷ್ಮಜೀವಿಗಳನ್ನು ಮಂಕು ಮಾಡುತ್ತದೆ, ಸಗಣಿಯ ಜೊತೆ ಸ್ವಲ್ಪ ಸ್ವಲ್ಪ ಹಾಕಿ.

ರಾಶಿಗೆ ಬೇಲಿ ಹಾಕಿ. ಹಾಪ್ಸ್ ತಿಂದ ನಾಯಿಗಳಿಗೆ ಮೈ ಬಿಸಿ ವಿಪರೀತ ಏರಿ ಪ್ರಾಣಕ್ಕೇ ಅಪಾಯ ಆಗಬಹುದು. ತಿಂದದ್ದು ಗೊತ್ತಾದರೆ ಲಕ್ಷಣ ಕಾಣುವ ತನಕ ಕಾಯದೆ ಪಶುವೈದ್ಯರ ಹತ್ತಿರ ಓಡಿ.