‘ಪೇಜ್’ ಅನ್ನುವುದಕ್ಕೆ ಯಾವ ಪದ: ಹಾಳೆಯೋ, ಪುಟವೋ, ಮಗ್ಗುಲೋ?

ಗೆಳೆಯರಿಗೆ ನಮಸ್ಕಾರ.

ಶಿವಮೊಗ್ಗದಲ್ಲಿ ಅಡಿಕೆ ಬೆಳೆಗಾರರ ಲೆಕ್ಕ ನೋಡಿಕೊಳ್ಳುವ ಕಡೆ, ಕಂಪ್ಯೂಟರ್ ವಿಭಾಗದಲ್ಲಿ ನನ್ನ ಕೆಲಸ. ನಮ್ಮ ಲೆಕ್ಕದ ಪ್ರೋಗ್ರಾಮ್ ಬಹಳ ಹಳೆಯದು. ಕೋಬಾಲ್ ಅನ್ನುವ ಹಳೇ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದದ್ದು, ಈಗಲೂ ದೂರದ ಊರಿನ ಮೇನ್‌ಫ್ರೇಮ್ ಅನ್ನುವ ದೊಡ್ಡ ಕಂಪ್ಯೂಟರ್ ಮೇಲೇ ಓಡುತ್ತದೆ. ರಾತ್ರಿ ಅಲ್ಲಿಂದ ಪಟ್ಟಿಗಳು ಬರುತ್ತವೆ, ಬೆಳಗ್ಗೆ ಇಲ್ಲಿ ಪ್ರಿಂಟ್ ಆಗುತ್ತವೆ. ಮೊದಲು ಇದಕ್ಕೆ ಲೈನ್ ಪ್ರಿಂಟರ್, ಅಂದರೆ ಒಂದೊಂದು ಸಾಲನ್ನು ಇಡಿಯಾಗಿ ಹೊಡೆಯುವ ಪ್ರಿಂಟರ್ ಇತ್ತು. ಈಗ ಅದನ್ನು ತೆಗೆದು, ಆಫೀಸಿನ ದೊಡ್ಡ ಜೆರಾಕ್ಸ್ ಮಷಿನ್‌ಗೇ ಪ್ರಿಂಟ್ ಕಳಿಸುತ್ತಿದ್ದೇವೆ. ಇದನ್ನು ಬಳಸುವುದು ಹೇಗೆ ಅಂತ ಸಿಬ್ಬಂದಿಗೆ ಕನ್ನಡದಲ್ಲಿ ಒಂದು ಕೈಪಿಡಿ ಬರೆಯಬೇಕು. ಬರೆಯಲು ಕೂತರೆ ಒಂದೇ ಪದ ಅಡ್ಡ ನಿಂತಿದೆ. ‘ಪೇಜ್’.

ಸುಲಭದ ಪದ ಅಲ್ವಾ ಅನ್ನಿಸಬಹುದು. ನನಗೂ ಹಾಗೇ ಅನ್ನಿಸಿತ್ತು. ಮೊದಲ ಕರಡಿನಲ್ಲಿ ‘ಪ್ರತಿ ಬೆಳೆಗಾರರ ಪಟ್ಟಿ ಹೊಸ ಪೇಜಿನಲ್ಲಿ ಶುರುವಾಗಬೇಕು’ ಎಂದು ಬರೆದೆ. ಅಡಿಕೆ ಮಂಡಿಯ ಮಾತಿನಲ್ಲಿ ಪಟ್ಟಿ ಅಂದರೆ ಮಾರಿದ ಅಡಿಕೆಯ ಲೆಕ್ಕ: ಅಡಿಕೆಯ ಬಗೆಗಳಲ್ಲಿ ರಾಶಿ ಎಷ್ಟು, ಬೆಟ್ಟೆ ಎಷ್ಟು, ಗೊರಬಲು ಎಷ್ಟು, ದರ ಏನು, ಮುರಿದುಕೊಂಡ ಸಾಲ ಎಷ್ಟು, ಎಲ್ಲವೂ ಅದರಲ್ಲಿರುತ್ತದೆ. ನನ್ನ ಕರಡು ಓದಿಕೊಂಡು ನಮ್ಮ ಹುಡುಗ ಮಷಿನ್ ಸೆಟ್ ಮಾಡಿದ. ಕಾಗದ ಉಳಿಯಲಿ ಎಂದು ಎರಡೂ ಕಡೆ ಪ್ರಿಂಟ್ ಆಗುವ ಹಾಗೆ ಇಟ್ಟ. ಮಷಿನ್ ಹೇಳಿದ್ದನ್ನೇ ಮಾಡಿತು. ಒಂದೊಂದು ಪಟ್ಟಿಯೂ ಹೊಸ ಪೇಜಿನಲ್ಲೇ ಶುರುವಾಯಿತು. ಆದರೆ ಆ ಹೊಸ ಪೇಜು ಹಿಂದಿನವರ ಹಾಳೆಯ ಬೆನ್ನಿಗಿತ್ತು! ತೀರ್ಥಹಳ್ಳಿ ಕಡೆಯವರೊಬ್ಬರ ಕೈಗೆ ಕೊಟ್ಟ ಪಟ್ಟಿಯ ಹಿಂದೆ ಇನ್ಯಾರದೋ ಸಾಲದ ಲೆಕ್ಕ. ಅವರೇ ತಿರುಗಿಸಿ ನೋಡಿ, ‘ತಮ್ಮಾ, ಇದು ನಮ್ಮದಲ್ಲ’ ಅಂತ ವಾಪಸ್ ಕೊಟ್ಟರು. ಬೇರೆಯವರ ಸಾಲ ಇನ್ನೊಬ್ಬರ ಮನೆ ಸೇರುವುದು ಸಣ್ಣ ತಪ್ಪಲ್ಲ. ಅವತ್ತಿನಿಂದ ಈ ಪದದ ಬಗ್ಗೆ ತಲೆಕೆಡಿಸಿಕೊಂಡಿದ್ದೇನೆ.

ಹಳೇ ಪ್ರಿಂಟರ್‌ನಲ್ಲಿ ಈ ತೊಂದರೆ ಬರುವ ಹಾಗೇ ಇರಲಿಲ್ಲ. ಅದರ ಕಾಗದ ಒಂದಕ್ಕೊಂದು ಅಂಟಿಕೊಂಡೇ ಬರುತ್ತಿತ್ತು. ಎರಡೂ ಅಂಚಿಗೆ ತೂತು. ಹಿಂದೆ ಮುಂದೆ, ಹಿಂದೆ ಮುಂದೆ ಮಡಿಸಿ ಪೆಟ್ಟಿಗೆಯಲ್ಲಿ ಇಟ್ಟಿರುತ್ತಿದ್ದರು. ಒಂದು ಮಡಿಕೆ 11 ಇಂಚು ಉದ್ದ. ಇಂಚಿಗೆ 6 ಸಾಲಿನಂತೆ 66 ಸಾಲು. ಅಡ್ಡಕ್ಕೆ 132 ಅಕ್ಷರ. 1959ರಲ್ಲಿ ಬಂದ ಐಬಿಎಂ 1403 ಪ್ರಿಂಟರ್ ಕೂಡ 132 ಅಕ್ಷರದ ಸಾಲನ್ನು ಹೊಡೆಯುತ್ತಿತ್ತು. ಪ್ರೋಗ್ರಾಮ್‌ಗೆ ಕಾಗದದ ವಿಷಯ ಏನೂ ಗೊತ್ತಿರುವುದಿಲ್ಲ. ಅದಕ್ಕೆ ಗೊತ್ತಿರುವುದು ಸಾಲು ಮಾತ್ರ. ಪ್ರತಿ ಸಾಲಿನ ಮೊದಲ ಅಕ್ಷರ ಓದುವವರಿಗಲ್ಲ, ಯಂತ್ರಕ್ಕೆ. ಅಲ್ಲಿ ಖಾಲಿ ಇದ್ದರೆ ಒಂದು ಸಾಲು ಕೆಳಗೆ ಹೋಗು. ಸೊನ್ನೆ ಇದ್ದರೆ ಎರಡು. ಕೂಡಿಸುವ ಚಿಹ್ನೆ ಇದ್ದರೆ ಕದಲಬೇಡ, ಹಿಂದಿನ ಸಾಲಿನ ಮೇಲೇ ಹೊಡೆ. 1 ಇದ್ದರೆ ಮುಂದಿನ ಮಡಿಕೆಯ ತಲೆಗೆ ಹೋಗು.

ಜೆರಾಕ್ಸ್ ಮಷಿನ್‌ಗೆ ಈ ಭಾಷೆ ತಾನಾಗಿ ತಿಳಿಯುವುದಿಲ್ಲ. ನಡುವೆ ಒಂದು ಪ್ರೋಗ್ರಾಮ್ ಕೂತು ಬದಲಿಸಿ ಕೊಡಬೇಕು. ಒಂದೊಂದು ಅಕ್ಷರಕ್ಕೆ ಕಂಪ್ಯೂಟರ್ ಕೊಡುವ ಸಂಖ್ಯೆಯೇ ಬೇರೆ: ಮೇನ್‌ಫ್ರೇಮಿನ ಎಬ್ಸಿಡಿಕ್ ಅನ್ನುವ ಪದ್ಧತಿಯಲ್ಲಿ ಇಂಗ್ಲಿಷಿನ ದೊಡ್ಡ ‘ಎ’ 193, ನಮ್ಮ ಪಿಸಿಗಳ ಆಸ್ಕಿ ಪದ್ಧತಿಯಲ್ಲಿ 65. ಮೊದಲ ವಾರ ಆ ಪ್ರೋಗ್ರಾಮಿನಲ್ಲಿ ಒಂದು ಆಯ್ಕೆ ಬಿಟ್ಟುಹೋಗಿತ್ತು. ಯಂತ್ರಕ್ಕೆ ಅಂತ ಇದ್ದ 1 ಕೂಡ ಕಾಗದದ ಮೇಲೆ ಅಚ್ಚಾಯಿತು. 4520 ಖಾತೆ 14520 ಆಗಿ ಕಂಡಿತು. ಅದು ಬೇಗ ಸರಿಹೋಯಿತು. ಸರಿಹೋಗದೆ ಉಳಿದದ್ದು ಪದ.

ಯಾಕೆಂದರೆ ಹಳೇ ಕಾಗದದಲ್ಲಿ ಮಡಿಕೆ, ಹಾಳೆ, ಪುಟ ಮೂರೂ ಒಂದೇ ಆಗಿದ್ದವು. ಹಿಂಬದಿಗೆ ಯಾರೂ ಪ್ರಿಂಟ್ ಮಾಡುತ್ತಿರಲಿಲ್ಲ. ಹಾಗಾಗಿ ‘ಪೇಜ್’ ಎಂದರೆ ಸಾಕಾಗಿತ್ತು. ಹೊಸ ಮಷಿನ್‌ನಲ್ಲಿ ಬಿಡಿ ಹಾಳೆ, ಅದಕ್ಕೆ ಎರಡು ಮುಖ. ಇಲ್ಲಿ 1 ಎಂದರೆ ಹಾಳೆ ಬದಲಿಸುವುದೋ, ಬರೀ ಮುಖ ಬದಲಿಸುವುದೋ? ಇದನ್ನು ಯಂತ್ರಕ್ಕೆ ಬಿಡಿಸಿ ಹೇಳಬೇಕು. ಪಿಸಿಎಲ್ ಅನ್ನುವ ಪ್ರಿಂಟರ್ ಭಾಷೆಯಲ್ಲಿ ‘ಮುಂದಿನದು ಹಾಳೆಯ ಮುಂಬದಿಯಲ್ಲೇ ಶುರುವಾಗಲಿ’ ಅನ್ನುವುದಕ್ಕೆ ಬೇರೆ ಆಜ್ಞೆಯೇ ಇದೆ. ಯಂತ್ರದ ಭಾಷೆಗೆ ಇರುವ ಈ ವ್ಯತ್ಯಾಸ ನಮ್ಮ ಮಾತಿನಲ್ಲಿ ಕಳೆದುಹೋಗಬಾರದು ಅನ್ನುವುದೇ ನನ್ನ ಕಾಳಜಿ.

ನಿಜ ಹೇಳಬೇಕೆಂದರೆ ಕನ್ನಡದಲ್ಲಿ ಈ ವ್ಯತ್ಯಾಸ ಮೊದಲಿನಿಂದಲೂ ಇದೆ. 200 ಪುಟದ ನೋಟ್‌ಬುಕ್ ಅಂದರೆ 100 ಹಾಳೆ ಅಂತ ಶಾಲೆಯ ಮಕ್ಕಳಿಗೂ ಗೊತ್ತು. ಮಲೆನಾಡಿನಲ್ಲಂತೂ ಹಾಳೆ ಅಂದ ಕೂಡಲೇ ಅಡಿಕೆ ಹಾಳೆ ನೆನಪಾಗುತ್ತದೆ. ಒಳಮೈ ನುಣುಪು, ಹೊರಮೈ ಒರಟು. ಟೊಪ್ಪಿಗೋ ತಟ್ಟೆಗೋ ಹಾಳೆ ಆರಿಸುವವರು ಎರಡೂ ಮೈ ತಿರುಗಿಸಿ ನೋಡುತ್ತಾರೆ. ಅಂದರೆ ಹಾಳೆ ಅನ್ನುವುದು ಕೈಯಲ್ಲಿ ಹಿಡಿಯುವ ವಸ್ತು, ಅದಕ್ಕೆ ಎರಡು ಮೈ. ಇಷ್ಟು ಚೆನ್ನಾಗಿರುವುದನ್ನು ನಮ್ಮ ಆಫೀಸಿನ ‘ಪೇಜ್’ ನುಂಗಿಹಾಕಿದೆ. ‘ಎರಡು ಪೇಜ್ ಕೊಡಿ’ ಎಂದರೆ ಖಾಲಿ ಹಾಳೆಯೂ ಹೌದು, ‘ಎರಡನೇ ಪೇಜ್ ನೋಡಿ’ ಎಂದರೆ ಪುಟವೂ ಹೌದು.

ಇನ್ನು ಆ ಮಡಿಸಿದ ಉದ್ದ ಕಾಗದಕ್ಕೆ ಏನೆನ್ನಬೇಕು? ಹಳೇ ರಿಪೋರ್ಟುಗಳು ಇನ್ನೂ ಕಪಾಟಿನಲ್ಲಿವೆ, ಕೈಪಿಡಿಯಲ್ಲಿ ಅದರ ಮಾತು ಬರಲೇಬೇಕು. ನನಗೆ ಮೊದಲು ಹೊಳೆದದ್ದು ‘ಕಡತ’. ಈಗ ಕಡತ ಎಂದರೆ ಆಫೀಸಿನ ಫೈಲು. ಮೊದಲು ಅದು ಬಟ್ಟೆಯ ಪುಸ್ತಕ. ಉದ್ದನೆಯ ಬಟ್ಟೆಗೆ ಹುಣಸೆ ಬೀಜದ ಅಂಟು, ಇದ್ದಿಲ ಪುಡಿ ಬಳಿದು ಒಣಗಿಸುತ್ತಿದ್ದರು. ಕತ್ತರಿಸದೆ, ಹಿಂದೆ ಮುಂದೆ ಮಡಿಸುತ್ತಿದ್ದರು. ಬಳಪದಲ್ಲಿ ಬರೆದು, ಬೇಡವಾದರೆ ಒರೆಸುತ್ತಿದ್ದರು. ಮೈಸೂರಿನಲ್ಲಿ ರೆಸಿಡೆಂಟ್, ಅಂದರೆ ಬ್ರಿಟಿಷರ ಪ್ರತಿನಿಧಿ ಆಗಿದ್ದ ಮಾರ್ಕ್ ವಿಲ್ಕ್ಸ್ 1810ರಲ್ಲಿ ಹೊರತಂದ ಇತಿಹಾಸದಲ್ಲಿ ಇದನ್ನು ವಿವರಿಸಿದ್ದಾರೆ. ವ್ಯಾಪಾರಿಗಳ ಲೆಕ್ಕವೂ ಇದರಲ್ಲೇ. ನಮ್ಮ ಶೃಂಗೇರಿ ಮಠದ ಕಡತಗಳು ಹೆಸರಾದವು. ಮಡಿಸಿದ, ತುಂಡಾಗದ, ಲೆಕ್ಕ ಬರೆಯುವ ಉದ್ದ ಹಾಳೆ! ಲೈನ್ ಪ್ರಿಂಟರಿನ ಕಾಗದವನ್ನು ನೋಡಿದವರಿಗೆ ಇದಕ್ಕಿಂತ ಹತ್ತಿರದ ಪದ ಸಿಗಲಾರದು.

ಆದರೆ ಇವತ್ತಿನ ಗುಮಾಸ್ತರಿಗೆ ‘ಕಡತದಲ್ಲಿ ನೋಡಿ’ ಎಂದರೆ ಅವರು ಫೈಲ್ ತೆಗೆಯುತ್ತಾರೆ. ಮತ್ತೆ ಅದೇ ಗೊಂದಲ. ಹಾಗಾಗಿ ಮನಸ್ಸಿಲ್ಲದಿದ್ದರೂ ಅದನ್ನು ಬದಿಗಿಟ್ಟೆ.

ಪದ ಸಿಕ್ಕಿದ್ದು ನಮ್ಮ ವಿಭಾಗದಲ್ಲೇ. ವರ್ಷಗಟ್ಟಲೆ ಆ ಪ್ರಿಂಟರ್ ನೋಡಿಕೊಂಡ ಅಕ್ಕ ಒಬ್ಬರಿದ್ದಾರೆ. ‘ಅಕ್ಕಾ, ಹೊಸಬರಿಗೆ ಆ ಕಾಗದ ಹಾಕೋದು ಹೇಗೆ ಕಲಿಸ್ತಿದ್ರಿ?’ ಎಂದು ಕೇಳಿದೆ. ‘ಅದರಲ್ಲೇನಿದೆ? ಪ್ರಿಂಟ್ ಆಗಿ ಹಿಂದೆ ಬೀಳುವಾಗ ಸೀರೆ ನೆರಿಗೆ ಹಿಡಿದ ಹಾಗೆ ಕೂರಬೇಕು. ನೆರಿಗೆ ತಪ್ಪಿದರೆ ಕಾಗದ ಸಿಕ್ಕಿಕೊಳ್ತದೆ ಅಂತಿದ್ದೆ’ ಎಂದರು. ನೆರಿಗೆ ಕಾಗದ! ನೋಡಿದ ಕೂಡಲೇ ಅರ್ಥವಾಗುವ ಪದ. ಇದನ್ನೇ ಇಟ್ಟುಕೊಳ್ಳುತ್ತಿದ್ದೇನೆ. ಬೇರೆ ಊರಿನ ಆಪರೇಟರುಗಳೂ ಹೀಗೆ ಹೇಳುತ್ತಿದ್ದರೇ? ಕೇಳಿದವರಿದ್ದರೆ ದಯವಿಟ್ಟು ಬರೆಯಿರಿ.

ಕಾಗದದ ಒಂದು ಮುಖಕ್ಕೆ ‘ಮಗ್ಗುಲು’ ಇಡೋಣವೇ ಎಂದು ಯೋಚಿಸಿದೆ. ‘ಎರಡೂ ಮಗ್ಗುಲು ಪ್ರಿಂಟ್’ ಕೇಳಲು ಹಿತವಾಗಿದೆ. ಆದರೆ ನಮ್ಮಲ್ಲಿ ಮಗ್ಗುಲು ಎಂದರೆ ಪಕ್ಕ ಅನ್ನುವ ಅರ್ಥವೇ ಜಾಸ್ತಿ. ಮಗ್ಗುಲ ಮನೆ, ಮಗ್ಗುಲಾಗಿ ಮಲಗುವುದು. ಹಾಳೆಯ ಬೆನ್ನಿಗಿಂತ ಹಾಳೆಯ ಅಂಚು ನೆನಪಾದರೆ ಕಷ್ಟ. ‘ಮುಂಬದಿ’, ‘ಹಿಂಬದಿ’ ಸಾಕು ಅನ್ನಿಸುತ್ತಿದೆ. ಕಡತದ ಬಟ್ಟೆಗೆ ಎರಡೂ ಕಡೆ ಬರೆಯುತ್ತಿದ್ದರಲ್ಲ, ಒಂದೊಂದು ಮಡಿಕೆಯ ಒಂದು ಮುಖಕ್ಕೆ ಶಾನುಭೋಗರು ಏನೆನ್ನುತ್ತಿದ್ದರು? ಮನೆಯಲ್ಲಿ ಹಳೇ ಕಡತ ಇರುವವರು, ಹಿರಿಯರ ಬಾಯಲ್ಲಿ ಕೇಳಿದವರು ತಿಳಿಸಿದರೆ ಬಹಳ ಉಪಕಾರ.

‘ಸ್ಪೂಲ್’ಗೆ ಕೂಡ ಪದ ಬೇಕೇ ಎಂದು ಒಬ್ಬರು ಕೇಳಿದರು. ನನ್ನ ಮಟ್ಟಿಗೆ ಬೇಡ. ಪ್ರಿಂಟ್ ಆಗುವ ಮೊದಲು ಕೆಲಸಗಳು ಕಾಯುವ ಜಾಗ ಅದು, ನಮ್ಮವರು ಸ್ಪೂಲ್ ಅಂತಲೇ ಕರೆಯುತ್ತಾರೆ. ಕಾಯುವ ಸಾಲಿಗೆ ‘ಸರತಿ’ ಇದೆ. ಸುಮ್ನೆ ಹೊಸದು ಕಟ್ಟುವುದು ಬೇಡ.

ಈಗ ಕೈಪಿಡಿಯ ಆ ವಾಕ್ಯ ಹೀಗಿದೆ: ‘ಪ್ರತಿ ಬೆಳೆಗಾರರ ಪಟ್ಟಿ ಹೊಸ ಹಾಳೆಯ ಮುಂಬದಿಯಲ್ಲಿ ಶುರುವಾಗಬೇಕು. ಅದೇ ಪಟ್ಟಿಯ ಮುಂದಿನ ಪುಟ ಅದೇ ಹಾಳೆಯ ಹಿಂಬದಿಗೆ ಬರಬಹುದು.’ ಕಂಪ್ಯೂಟರ್ ಗೊತ್ತಿಲ್ಲದ ಯಾರಿಗಾದರೂ ಇದನ್ನು ಒಂದು ಸಲ ಓದಿ ಹೇಳಿ, ಅವರು ಏನು ಅರ್ಥ ಮಾಡಿಕೊಂಡರು ಅಂತ ನನಗೆ ತಿಳಿಸುತ್ತೀರಾ?